ಸಡಿಲ ಕೀಲು: ಕೊನೆಯ ಹತ್ತು ಡಿಗ್ರಿ ಬಿಟ್ಟು ಬದುಕುವುದು

ಕೀಲು ಸಡಿಲವಿದೆಯೇ ಎಂದು ತಿಳಿಯಲು ಎಕ್ಸ್‌ರೇ ಬೇಡ, ರಕ್ತ ಪರೀಕ್ಷೆಯೂ ಬೇಡ. ಒಂದು ಮೇಜು, ಬರಿಗಾಲಲ್ಲಿ ನಿಲ್ಲಲು ಜಾಗ, ಕೋನ ಅಳೆಯುವ ಗೋನಿಯೋಮೀಟರ್ ಇದ್ದರೆ ಐದು ನಿಮಿಷದ ಕೆಲಸ. ಮುಂಗೈಯನ್ನು ಮೇಜಿಗೆ ಒರಗಿಸಿಟ್ಟು ಕಿರುಬೆರಳನ್ನು ಮೇಲಕ್ಕೆತ್ತಿದಾಗ ಅದು 90 ಡಿಗ್ರಿ ದಾಟಿದರೆ ಒಂದು ಅಂಕ, ಎರಡೂ ಕೈಗೆ ಎರಡು. ತೋಳು ನೇರ ಚಾಚಿ ಹೆಬ್ಬೆರಳನ್ನು ಒತ್ತಿದಾಗ ಮುಂಗೈಗೆ ತಾಗಿದರೆ ಅದಕ್ಕೂ ಎರಡು. ಮೊಣಕೈ 10 ಡಿಗ್ರಿಗಿಂತ ಹೆಚ್ಚು ಹಿಂದಕ್ಕೆ ಬಾಗಿದರೆ ಎರಡು, ಮಂಡಿ ಹಾಗೇ ಬಾಗಿದರೆ ಎರಡು. ಮಂಡಿ ಮಡಿಸದೆ ಬಗ್ಗಿ ಎರಡೂ ಅಂಗೈಯನ್ನು ನೆಲಕ್ಕೆ ಪೂರ್ತಿ ಊರಿದರೆ ಕೊನೆಯ ಒಂದು. ಒಟ್ಟು 9. ಇದೇ ಬೇಟನ್ ಸ್ಕೋರ್. ಪ್ರಾಯಕ್ಕೆ ಬಾರದ ಮಕ್ಕಳಲ್ಲಿ 6, ಪ್ರಾಯಕ್ಕೆ ಬಂದವರಲ್ಲಿ 50 ವರ್ಷದ ತನಕ 5, ಅದನ್ನು ದಾಟಿದವರಲ್ಲಿ 4 ಅಂಕ ಬಂದರೆ ಮೈಯ ಕೀಲುಗಳೆಲ್ಲ ಸಡಿಲ ಎಂದು ಲೆಕ್ಕ.

ಈ ಕ್ರಮವನ್ನು ಪೀಟರ್ ಬೇಟನ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ್ದು ದಕ್ಷಿಣ ಆಫ್ರಿಕಾದ ಹಳ್ಳಿಯ ಜನರ ಕೀಲುಗಳನ್ನು ಸಾಮೂಹಿಕವಾಗಿ ಅಳೆದ ಅಧ್ಯಯನದಲ್ಲಿ. ರೋಗ ಹಿಡಿಯುವುದಕ್ಕೆಂದೇ ಹುಟ್ಟಿದ ಅಳತೆ ಇದಲ್ಲ. ಹಾಗಾಗಿ 8 ಅಂಕ ಬಂದೂ ಒಂದು ದಿನ ನೋವು ಕಾಣದವರು ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೆ ಯಾವ ಕಾಯಿಲೆಯೂ ಇಲ್ಲ. ಇನ್ನು ಕೆಲವರಿಗೆ ಬರೀ 3 ಬಂದಿರುತ್ತದೆ, ಆದರೆ ಬಟ್ಟೆ ಒಣಹಾಕಲು ಕೈ ಎತ್ತಿದರೆ ಭುಜ ಜಾರುತ್ತದೆ. ಏಕೆಂದರೆ ಭುಜ, ಸೊಂಟದ ಕೀಲು, ಹಿಮ್ಮಡಿಗಂಟು, ಕುತ್ತಿಗೆ, ದವಡೆ ಇವು ಯಾವುವೂ ಆ ಒಂಬತ್ತರಲ್ಲಿ ಇಲ್ಲ. ವಯಸ್ಸಾದಂತೆ ಕೀಲು ಬಿಗಿಯಾಗುವುದರಿಂದ ಹಿರಿಯರಿಗೆ ಇನ್ನೊಂದು ಬಗೆಯ ಪ್ರಶ್ನೆ ಕೇಳುತ್ತಾರೆ: ಮಂಡಿ ಮಡಿಸದೆ ಅಂಗೈ ನೆಲಕ್ಕೆ ಊರಲು ಈಗ ಅಥವಾ ಹಿಂದೆ ಎಂದಾದರೂ ಆಗುತ್ತಿತ್ತೇ, ಹೆಬ್ಬೆರಳು ಮುಂಗೈಗೆ ತಾಗುತ್ತಿತ್ತೇ, ಚಿಕ್ಕಂದಿನಲ್ಲಿ ಮೈಯನ್ನು ವಿಚಿತ್ರವಾಗಿ ತಿರುಚಿ ಗೆಳೆಯರಿಗೆ ತೋರಿಸುತ್ತಿದ್ದಿರೇ, ಮಂಡಿಚಿಪ್ಪು ಅಥವಾ ಭುಜ ಒಂದಕ್ಕಿಂತ ಹೆಚ್ಚು ಸಲ ತಪ್ಪಿತ್ತೇ, ನಿಮ್ಮ ಕೀಲು ಉಳಿದವರಿಗಿಂತ ಸಡಿಲ ಎಂದು ನಿಮಗೇ ಅನ್ನಿಸುತ್ತದೆಯೇ. ಐದರಲ್ಲಿ ಎರಡಕ್ಕೆ ಹೌದು ಎಂದರೆ ಸಡಿಲತೆಯನ್ನು ಗಂಭೀರವಾಗಿ ಪರಿಗಣಿಸಬೇಕು.

ಅಂಕ ಬಂದ ಮೇಲೆ ಮಾಡುವುದೇನು ಎಂಬುದೇ ಈ ಬರಹದ ವಿಷಯ. ನನ್ನ ಮೈಯೂ ಇದೇ ಜಾತಿಯದ್ದು. ಇಲ್ಲಿರುವುದು ತೀರ್ಥಹಳ್ಳಿ ಕಡೆಯ ತೋಟದ ಮನೆಯ ಕೆಲಸ, ಮಳೆ, ಜಾರು ಅಂಗಳ ಇವುಗಳ ನಡುವೆ ಇಂಥ ಮೈ ಇಟ್ಟುಕೊಂಡು ಕಲಿತದ್ದು, ಜೊತೆಗೆ ಫಿಸಿಯೋಥೆರಪಿಸ್ಟ್ ಮತ್ತು ರುಮಟಾಲಜಿ (ಕೀಲು-ವಾತ ರೋಗಗಳ) ತಜ್ಞರು ಹೇಳಿಕೊಟ್ಟದ್ದು.

ಮೊದಲು ವೈದ್ಯರ ಬಳಿಗಿನ ಹಾದಿ. ಕೀಲುನೋವು, ಸುಸ್ತು ಎಂದು ಹೋದರೆ ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಥೈರಾಯ್ಡ್, ಹಿಮೋಗ್ಲೋಬಿನ್, ವಿಟಮಿನ್ ಡಿ ಬರೆಯುತ್ತಾರೆ. ಇವನ್ನು ಮಾಡಿಸಲೇಬೇಕು, ಸಂಧಿವಾತ, ಥೈರಾಯ್ಡ್ ತೊಂದರೆ, ರಕ್ತಹೀನತೆ ಇವೆಲ್ಲ ಇದೇ ವೇಷದಲ್ಲಿ ಬರುತ್ತವೆ. ಸಡಿಲ ಕೀಲಿನವರಲ್ಲಿ ಸಾಮಾನ್ಯವಾಗಿ ಇವೆಲ್ಲ ಸರಿಯಾಗಿಯೇ ಬರುತ್ತವೆ, ಎಕ್ಸ್‌ರೇಯಲ್ಲೂ ಏನೂ ಕಾಣುವುದಿಲ್ಲ. ‘ನಾರ್ಮಲ್’ ಎಂಬ ರಿಪೋರ್ಟು ಕೈಗೆ ಬಂದಾಗ ಮನೆಯವರು ನಿಟ್ಟುಸಿರು ಬಿಡುತ್ತಾರೆ, ನೋವಿರುವವರು ಮಾತ್ರ ಇನ್ನಷ್ಟು ಒಂಟಿಯಾಗುತ್ತಾರೆ. ಆ ಪರೀಕ್ಷೆಗಳು ಹುಡುಕುವುದು ಉರಿಯೂತವನ್ನು, ಸವೆತವನ್ನು. ಇಲ್ಲಿನ ತೊಂದರೆ ಇರುವುದು ಕೀಲನ್ನು ಕಟ್ಟಿಹಿಡಿಯುವ ಲಿಗಮೆಂಟಿನ ಹದದಲ್ಲಿ. ಚಪ್ಪರದ ಕಟ್ಟು ಸಡಿಲವಾದರೆ ಕಂಬಗಳನ್ನು ಹಿಡಿದು ನಿಲ್ಲಲು ನಾಲ್ಕು ಆಳು ಬೇಕಾಗುತ್ತದೆ; ಮೈಯಲ್ಲಿ ಆ ಆಳುಗಳ ಕೆಲಸ ಸ್ನಾಯುಗಳ ಪಾಲಿಗೆ ಬರುತ್ತದೆ. ಸುಮ್ಮನೆ ನಿಂತರೂ ಕೂತರೂ ಅವು ದುಡಿಯುತ್ತಲೇ ಇರುತ್ತವೆ. ಸಂಜೆ ಹೊತ್ತಿಗೆ ಕತ್ತು, ಬೆನ್ನು, ತೊಡೆ ಕಲ್ಲಿನಂತೆ ಗಟ್ಟಿಯಾಗುವುದು, ಏನೂ ಮಾಡದೆ ಸುಸ್ತಾಯಿತು ಎನ್ನಿಸುವುದು ಇದರಿಂದಲೇ.

ಹೆಸರುಗಳು ಹಲವು ಇವೆ. 1967ರಲ್ಲಿ ಹೈಪರ್‌ಮೊಬಿಲಿಟಿ ಸಿಂಡ್ರೋಮ್ (ಕೀಲು ಅತಿಯಾಗಿ ಆಡುವ ತೊಂದರೆ) ಎಂಬ ಹೆಸರು ವೈದ್ಯಸಾಹಿತ್ಯಕ್ಕೆ ಬಂತು. 2017ರ ಅಂತರರಾಷ್ಟ್ರೀಯ ವರ್ಗೀಕರಣ ಏಲರ್ಸ್-ಡಾನ್ಲೋಸ್ ಸಿಂಡ್ರೋಮಿನಲ್ಲಿ (ಮೈಯನ್ನು ಕಟ್ಟಿಹಿಡಿಯುವ ನಾರುಗಳೇ ದುರ್ಬಲವಾಗಿರುವ ವಂಶವಾಹಿ ಕಾಯಿಲೆಗಳ ಗುಂಪು) 13 ಬಗೆ ಗುರುತಿಸಿತು. ಅವುಗಳಲ್ಲಿ ಹೈಪರ್‌ಮೊಬೈಲ್ ಬಗೆಗೆ ಮಾತ್ರ ಜೀನ್ ಪರೀಕ್ಷೆ ಇಲ್ಲ, ಮೈ ನೋಡಿಯೇ ಹೇಳಬೇಕು. ಆ ಬಿಗಿ ಮಾನದಂಡಕ್ಕೆ ಪೂರ್ತಿ ಹೊಂದದೆ ತೊಂದರೆ ಮಾತ್ರ ಇರುವವರನ್ನು ಹೈಪರ್‌ಮೊಬಿಲಿಟಿ ಸ್ಪೆಕ್ಟ್ರಮ್ ಡಿಸಾರ್ಡರ್ ಎನ್ನುತ್ತಾರೆ. ಯಾವ ಹೆಸರು ಬಂತು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ, ಎರಡಕ್ಕೂ ಚಿಕಿತ್ಸೆ ಒಂದೇ.

ತಲೆ ಕೆಡಿಸಿಕೊಳ್ಳಬೇಕಾದದ್ದು ಬೇರೆ ಇದೆ. ಮೈಕಟ್ಟು ತೀರ ಉದ್ದ, ತೋಳು-ಬೆರಳು ಅಸಹಜ ಉದ್ದ, ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿದರೆ ಅದರ ಉಗುರು ಕಿರುಬೆರಳಿನ ಆಚೆ ಪೂರ್ತಿ ಇಣುಕುವುದು, ಕಣ್ಣಿನ ಮಸೂರ ಸರಿದಿರುವುದು ಇವು ಮಾರ್ಫಾನ್ ಸಿಂಡ್ರೋಮ್ ಎಂಬ, ಹೃದಯದ ದೊಡ್ಡ ರಕ್ತನಾಳಕ್ಕೂ ಅಪಾಯ ತರುವ ವಂಶವಾಹಿ ಕಾಯಿಲೆಯ ಸೂಚನೆ. ಚರ್ಮ ತೆಳುವಾಗಿ ಒಳಗಿನ ರಕ್ತನಾಳಗಳೆಲ್ಲ ಕಾಣುತ್ತಿದ್ದು, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ರಕ್ತನಾಳ, ಕರುಳು ಅಥವಾ ಗರ್ಭಕೋಶ ಒಡೆದು ತೀರಿಕೊಂಡಿದ್ದರೆ ಅದು ರಕ್ತನಾಳದ ಬಗೆಯ ಏಲರ್ಸ್-ಡಾನ್ಲೋಸ್ ಇರಬಹುದು. ಇಂಥವರಿಗೆ ಹೃದಯದ ಎಕೋ ಪರೀಕ್ಷೆ, ಜೀನ್ ಪರೀಕ್ಷೆ ಎರಡೂ ತಡಮಾಡದೆ ಆಗಬೇಕು.

ನಮ್ಮ ಕಡೆಯವರಿಗೆ ಮೂಳೆ ತಜ್ಞರು, ಫಿಸಿಯೋಥೆರಪಿ ಶಿವಮೊಗ್ಗದಲ್ಲೇ ಸಿಗುತ್ತದೆ. ಮೆಗ್ಗಾನ್ ಆಸ್ಪತ್ರೆಯಿಂದ ಶುರುಮಾಡಬಹುದು. ವಂಶವಾಹಿ ವಿಭಾಗಕ್ಕೆ ಮಣಿಪಾಲವೋ ಬೆಂಗಳೂರೋ ಆಗಬೇಕು. ಹೋಗುವಾಗ ದಪ್ಪ ಫೈಲಿನ ಬದಲು ಒಂದೇ ಹಾಳೆ ಒಯ್ಯಿರಿ: ಯಾವ ಕೀಲು ಯಾವ ವಯಸ್ಸಿನಿಂದ ಜಾರುತ್ತಿದೆ, ದಿನದ ಯಾವ ಹೊತ್ತಿಗೆ ನೋವು, ನಿಂತರೆ ತಲೆ ಸುತ್ತುತ್ತದೆಯೇ, ಹೊಟ್ಟೆ ಹೇಗಿದೆ, ಮುಟ್ಟಿನ ಹತ್ತಿರ ಹೆಚ್ಚಾಗುತ್ತದೆಯೇ, ಮನೆಯಲ್ಲಿ ಇನ್ನಾರಿಗೆ ಹೀಗಿದೆ. ‘ಮೈಯೆಲ್ಲ ನೋವು’ ಎಂದರೆ ವೈದ್ಯರಿಗೆ ಹಿಡಿಯಲು ತುದಿ ಸಿಗುವುದಿಲ್ಲ. ಮಣಿಪಾಲಕ್ಕೆ ಆಗುಂಬೆ ಮೇಲೆ ಹೋಗುವುದಾದರೆ ಘಾಟಿಯ 14 ಹಿಮ್ಮುರಿ ತಿರುವುಗಳಲ್ಲಿ ಕುತ್ತಿಗೆ ಅತ್ತಿತ್ತ ಎಸೆದಾಡುತ್ತದೆ. ಮುಂದಿನ ಸಾಲಿನ ಸೀಟು ಹಿಡಿದು, ಸುತ್ತಿದ ಟವೆಲನ್ನು ಕತ್ತಿಗೆ ಹಾಕಿಕೊಂಡು, ಎರಡೂ ಪಾದ ನೆಲಕ್ಕೆ ಊರಿ ಕೂತರೆ ಮರುದಿನದ ತಲೆನೋವು ಎಷ್ಟೋ ಕಡಿಮೆ.

ಇನ್ನು ನಿಜವಾದ ಕೆಲಸ. ಪ್ರತಿ ಕೀಲಿಗೂ ಚಲನೆಯ ಒಂದು ಕೊನೆ ಇದೆ. ಉಳಿದವರಿಗೆ ಲಿಗಮೆಂಟು ಆ ಕೊನೆಯಲ್ಲಿ ಬಿಗಿಯಾಗಿ ‘ಸಾಕು’ ಎನ್ನುತ್ತದೆ. ನಮಗೆ ಆ ಸೂಚನೆ ತಡವಾಗಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಸ್ನಾಯು ಬಳಸದೆ ಕೀಲನ್ನು ಆ ಕೊನೆಗೆ ನೇತುಹಾಕಿ ನಿಲ್ಲುವುದು ನಮಗೆ ಸುಲಭದ ಭಂಗಿ ಅನ್ನಿಸುತ್ತದೆ: ಮಂಡಿ ಹಿಂದಕ್ಕೆ ಒತ್ತಿ, ಸೊಂಟ ಒಂದು ಕಡೆ ಜೋತುಬಿಟ್ಟು, ಮೊಣಕೈ ತಿರುಚಿ ಊರಿ. ಹಾನಿ ಆಗುವುದು ಅಲ್ಲೇ. ಆದ್ದರಿಂದ ಎಲ್ಲ ಕೀಲುಗಳಿಗೂ ಒಂದೇ ನಿಯಮ ಇಟ್ಟುಕೊಳ್ಳಿ, ಕೊನೆಯ ಹತ್ತು ಡಿಗ್ರಿ ನಮ್ಮದಲ್ಲ. ಮೊಣಕೈ ನೇರವಾಗುವ ಮೊದಲೇ ನಿಲ್ಲಬೇಕು, ಮಂಡಿ ಒಂದಿಷ್ಟು ಮೆದುವಾಗಿರಬೇಕು, ಹೆಬ್ಬೆರಳು ಸದಾ ಸ್ವಲ್ಪ ಬಾಗಿರಬೇಕು.

ಹೇಳುವುದು ಸುಲಭ, ಮಾಡುವುದು ಕಷ್ಟ. ಏಕೆಂದರೆ ಕೀಲು ಎಲ್ಲಿದೆ ಎಂದು ಮಿದುಳಿಗೆ ತಿಳಿಸುವ ಸ್ಥಾನಪ್ರಜ್ಞೆಯೂ ನಮ್ಮಲ್ಲಿ ಮಂಕು. ಮಂಡಿ ನೇರವಿದೆ ಎಂದು ನಮಗನ್ನಿಸಿದಾಗ ಅದು ಹಿಂದಕ್ಕೆ ಬಾಗಿರುತ್ತದೆ, ನೇರವಾಗಿ ನಿಂತಾಗ ಮಡಿಸಿದ ಹಾಗೆ ಅನ್ನಿಸುತ್ತದೆ. ಬಾಗಿಲಿಗೆ ಮೈ ತಾಗುವುದು, ಲೋಟ ಕೈಯಿಂದ ಬೀಳುವುದು, ಸಮನೆಲದಲ್ಲೇ ಕಾಲು ಉಳುಕುವುದು ಅಜಾಗರೂಕತೆಯಲ್ಲ. ಅದಕ್ಕೇ ಮೊದಲ ವಾರಗಳಲ್ಲಿ ಉದ್ದ ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತು ಅಭ್ಯಾಸ ಮಾಡಬೇಕು. ಮೈ ಸುಳ್ಳು ಹೇಳಿದರೂ ಕನ್ನಡಿ ಹೇಳುವುದಿಲ್ಲ. ಮಂಡಿಯ ಹಿಂಬದಿಗೆ ಅಂಗಡಿಯಲ್ಲಿ ಸಿಗುವ ಕೈನೀಸಿಯೋ ಟೇಪನ್ನು ಮಂಡಿ ತುಸು ಮಡಿಸಿದ ಸ್ಥಿತಿಯಲ್ಲಿ ಅಡ್ಡಡ್ಡ ಅಂಟಿಸಿದರೆ, ಕಾಲು ಹಿಂದಕ್ಕೆ ಹೋದಾಗ ಚರ್ಮ ಎಳೆದು ನೆನಪಿಸುತ್ತದೆ. ನಮ್ಮ ಚರ್ಮ ಬೇಗ ಕಿತ್ತುಬರುವುದರಿಂದ ಟೇಪು ತೆಗೆಯುವಾಗ ಕೊಬ್ಬರಿ ಎಣ್ಣೆ ಹಚ್ಚಿ ನೆನೆಸಿ, ಕೂದಲ ದಿಕ್ಕಿನಲ್ಲೇ ಬಿಡಿಸಬೇಕು.

ವ್ಯಾಯಾಮ ಹೀಗೆ ಶುರುವಾಗುತ್ತದೆ. ಕಾಲು ಚಾಚಿ ಕೂತು ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ತೊಡೆಯ ಸ್ನಾಯುವನ್ನು ಬಿಗಿಹಿಡಿಯುವುದು, 5 ಸೆಕೆಂಡು, 10 ಸಲ. ಟವೆಲ್ ಇಲ್ಲದಿದ್ದರೆ ಮಂಡಿ ಹಿಂದಕ್ಕೆ ಒತ್ತಿ ಅದೇ ತಪ್ಪನ್ನು ಗಟ್ಟಿ ಮಾಡುತ್ತದೆ. ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟ ಎತ್ತುವುದು, 8ರಿಂದ 10 ಸಲ. ಪಕ್ಕಕ್ಕೆ ಮಲಗಿ ಹಿಮ್ಮಡಿ ಕೂಡಿಸಿಟ್ಟುಕೊಂಡು ಮೇಲಿನ ಮಂಡಿಯನ್ನು ಮಾತ್ರ ತೆರೆಯುವುದು. ಗೋಡೆಗೆ ಎರಡು ಅಂಗೈ ಊರಿ, ಮೊಣಕೈ ಪೂರ್ತಿ ನೇರ ಮಾಡದೆ ಮೈಯನ್ನು ಗೋಡೆಗೆ ತಂದು ಹಿಂದಕ್ಕೆ ಒಯ್ಯುವುದು. ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ಕೊನೆಗೆ ಕಿಟಕಿ ಸರಳು ಕೈಗೆಟುಕುವಂತೆ ನಿಂತು ಒಂಟಿಕಾಲ ಮೇಲೆ 10 ಸೆಕೆಂಡು, ನಿಧಾನಕ್ಕೆ 30 ಸೆಕೆಂಡಿನ ತನಕ. ವಾರಕ್ಕೆ ಮೂರು ದಿನ ಸಾಕು, ನಡುವೆ ಬಿಡುವು ಇರಲೇಬೇಕು. ಉಸಿರು ಹಿಡಿಯಬಾರದು, ಸಡಿಲ ಕೀಲಿನವರಿಗೆ ಉಸಿರು ಕಟ್ಟಿ ಮೈ ಬಿಗಿಹಿಡಿಯುವ ರೂಢಿ ಬೇಗ ಹತ್ತುತ್ತದೆ.

ಬೇಗ ಫಲ ಸಿಗುವುದಿಲ್ಲ. ಸ್ನಾಯು ಬಲವಾಗಿದೆ ಎಂದು ಅನ್ನಿಸಲು ಸಾಮಾನ್ಯರಿಗೆ ಆರೆಂಟು ವಾರ ಬೇಕಾದರೆ ನಮಗೆ ತಿಂಗಳುಗಳೇ ಬೇಕು. ಮೊದಲ ವಾರ ಮೈಕೈ ನೋವು ಹೆಚ್ಚಾಗಿ ಅಲ್ಲಿಗೇ ನಿಲ್ಲಿಸುವವರು ಬಹಳ. ಅಳತೆಗೋಲು ಇಷ್ಟೇ: ವ್ಯಾಯಾಮದ ನೋವು ಮರುದಿನ ಅದೇ ಹೊತ್ತಿಗೆ ಇಳಿದಿದ್ದರೆ ಮುಂದುವರಿಸಿ, ಇಳಿಯದಿದ್ದರೆ ಸಂಖ್ಯೆಯನ್ನು ಮೂರನೇ ಒಂದು ಭಾಗ ತಗ್ಗಿಸಿ, ಪೂರ್ತಿ ಬಿಡಬೇಡಿ. ಬಿಟ್ಟರೆ ಸ್ನಾಯು ಕರಗುತ್ತದೆ, ಕೀಲು ಇನ್ನಷ್ಟು ಜಾರುತ್ತದೆ, ಹೆದರಿಕೆ ಹೆಚ್ಚಿ ಮೈ ಅಲುಗಿಸುವುದೇ ನಿಲ್ಲುತ್ತದೆ. ಭಾರ ಎತ್ತಲೇಬಾರದು ಎಂಬ ಸಲಹೆಯೂ ಸರಿಯಲ್ಲ. ಡೆನ್ಮಾರ್ಕಿನಲ್ಲಿ ಸಡಿಲ ಭುಜದವರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 16 ವಾರ ಭಾರ ಹೆಚ್ಚಿಸುತ್ತ ತರಬೇತಿ ಪಡೆದವರಿಗೆ, ಹಗುರ ವ್ಯಾಯಾಮ ಮಾಡಿದವರಿಗಿಂತ ಭುಜದ ಕೆಲಸ ಉತ್ತಮವಾಯಿತು. ಮೊದಲು ಹಿಡಿತ ಬರಬೇಕು, ಆಮೇಲೆ ಭಾರ. ಕ್ರಮ ತಪ್ಪಬಾರದು, ಅಷ್ಟೇ.

ಹಿಗ್ಗಿಸುವ ವಿಷಯದಲ್ಲಿ ಖಂಡಿತವಾಗಿ ಹೇಳುತ್ತೇನೆ. ಮೈ ಬಿಗಿಯಾಗಿದೆ ಎಂದು ನಾವು ಎಳೆದು ಹಿಗ್ಗಿಸಿದರೆ ಆ ಹೊತ್ತಿಗೆ ಹಾಯೆನಿಸುತ್ತದೆ, ಎರಡು ಗಂಟೆಯಲ್ಲಿ ಸ್ನಾಯು ಮೊದಲಿಗಿಂತ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಆ ಬಿಗಿ ಕೀಲನ್ನು ಕಾಯಲು ಹುಟ್ಟಿದ್ದು. ಬೇಕಾದದ್ದು ಬಿಸಿ ಮತ್ತು ಮೆಲ್ಲನೆಯ ಚಲನೆ, ಎಳೆತವಲ್ಲ. ಬೆರಳ ನೆಟಿಗೆ ತೆಗೆಯುವುದು, ಕುತ್ತಿಗೆಯನ್ನು ತಾನೇ ತಿರುಚಿ ಲಟಕ್ಕೆನ್ನಿಸುವುದು ಕೂಡ ಇದೇ ಜಾತಿ. ಕ್ಷೌರದಂಗಡಿಯಲ್ಲಿ ಕೊನೆಗೆ ತಲೆ ಹಿಡಿದು ಎರಡು ಬದಿ ತಿರುಗಿಸುವ ಸೇವೆಯನ್ನು ಸಡಿಲ ಕೀಲಿನವರು ಕಡ್ಡಾಯವಾಗಿ ಬೇಡವೆನ್ನಬೇಕು. ಕುತ್ತಿಗೆಯ ರಕ್ತನಾಳ ಸೀಳಿ ಪಾರ್ಶ್ವವಾಯು ಆಗುವ ಅಪಾಯ ಅಲ್ಲಿದೆ.

ಯೋಗವನ್ನು ಬಿಡಬೇಕಿಲ್ಲ, ಬದಲಿಸಿಕೊಳ್ಳಬೇಕು. ಸೂರ್ಯನಮಸ್ಕಾರದ ಪಾದಹಸ್ತಾಸನದಲ್ಲಿ ಅಂಗೈ ನೆಲಕ್ಕೆ ತಾಗುತ್ತದೆಂದು ಊರಬೇಡಿ. ಮಂಡಿ ಮಡಿಸಿ, ಕೈಯನ್ನು ಮೊಣಕಾಲ ಮೇಲೇ ನಿಲ್ಲಿಸಿ. ಭುಜಂಗಾಸನದಲ್ಲಿ ಮೊಣಕೈ ಬಾಗಿರಲಿ, ಎದೆ ಅರ್ಧ ಎದ್ದರೆ ಸಾಕು. ತ್ರಿಕೋನಾಸನದಲ್ಲಿ ಮುಂದಿನ ಮಂಡಿ ಹಿಂದಕ್ಕೆ ಒತ್ತುತ್ತಿದೆಯೇ ನೋಡಿಕೊಳ್ಳಿ. ಹಲಾಸನ, ಸರ್ವಾಂಗಾಸನ, ಶೀರ್ಷಾಸನ ಮೂರನ್ನೂ ಬಿಟ್ಟುಬಿಡಿ. ವೀರಭದ್ರಾಸನ, ಉತ್ಕಟಾಸನ, ಸೇತುಬಂಧ ಇವು ನಮಗೆ ಹೇಳಿ ಮಾಡಿಸಿದವು, ಹಿಡಿದು ನಿಲ್ಲುವ ಆಸನಗಳು. ಜೂನ್ 21ರ ಯೋಗ ದಿನಕ್ಕೆ ಶಾಲೆಗಳಲ್ಲಿ ಮೈ ಹೆಚ್ಚು ಬಾಗುವ ಮಗುವನ್ನೇ ಮುಂದಿನ ಸಾಲಿಗೆ ಹಾಕಿ ಚಪ್ಪಾಳೆ ಹೊಡೆಸುತ್ತಾರೆ. ಆ ಮಗುವಿಗೇ ಎಲ್ಲರಿಗಿಂತ ಹೆಚ್ಚು ಎಚ್ಚರಿಕೆ ಬೇಕೆಂದು ಶಿಕ್ಷಕರಿಗೆ ತಿಳಿದಿರುವುದಿಲ್ಲ, ಹೇಳಬೇಕಾದವರು ನಾವು. ಭರತನಾಟ್ಯದ ಅರೆಮಂಡಿ, ಬಡಗುತಿಟ್ಟು ಯಕ್ಷಗಾನದ ಮಂಡಿ ಕುಣಿತ ಕಲಿಯುವ ಮಕ್ಕಳಿಗೂ ಇದೇ ಮಾತು: ಕಲೆ ಬಿಡಿಸಬೇಡಿ, ತೊಡೆ ಮತ್ತು ಸೊಂಟದ ಬಲ ಮೊದಲು ಬರಲಿ.

ಮಲೆನಾಡಿನ ಕೆಲಸಗಳಲ್ಲಿ ಕೈಗೆ ಅತಿ ಕಠಿಣವಾದದ್ದು ಅಡಿಕೆ ಸುಲಿತ. ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆಯನ್ನು ಅಲಗಿಗೆ ಒತ್ತಿ ಸಿಪ್ಪೆ ಬಿಡಿಸುವಾಗ ಹೆಬ್ಬೆರಳ ಬುಡದ ಕೀಲು ಮತ್ತು ನಡುವಿನ ಗೆಣ್ಣು ಎರಡೂ ಹಿಂದಕ್ಕೆ ಕುಸಿಯುತ್ತವೆ. ಒಂದು ಅಡಿಕೆಗೆ ಅದೇನೂ ಅಲ್ಲ. ದೀಪಾವಳಿಯ ಆಚೀಚೆ ಶುರುವಾಗಿ ರಾತ್ರಿಯೆಲ್ಲ ಸುಲಿಯುವ ಸುಗ್ಗಿಯಲ್ಲಿ ಅದು ಸಾವಿರಾರು ಸಲ ಆಗುತ್ತದೆ. ಹೆಬ್ಬೆರಳ ಬುಡವನ್ನು ಸುತ್ತಿ ಮಣಿಕಟ್ಟಿನ ತನಕ ಬರುವ ನಿಯೋಪ್ರೀನ್ ಪಟ್ಟಿ ಸುಲಿಯುವಾಗ ಮಾತ್ರ ಹಾಕಿಕೊಳ್ಳಿ, ಮುಗಿದ ಕೂಡಲೇ ಬಿಚ್ಚಿ. ದಿನವಿಡೀ ಕಟ್ಟಿದರೆ ಬೆರಳ ಬಲ ಕುಗ್ಗುತ್ತದೆ. ಗೆಣ್ಣು ಹಿಂದಕ್ಕೆ ಮಡಿಯುವ ಬೆರಳಿಗೆ ಎಂಟರ ಆಕಾರದ ಉಂಗುರ ಸ್ಪ್ಲಿಂಟ್ ಬರುತ್ತದೆ. ಪ್ಲಾಸ್ಟಿಕ್‌ನದು ಅಗ್ಗ, ಒಗ್ಗಿದ ಮೇಲೆ ಅಳತೆ ಕೊಟ್ಟು ಬೆಳ್ಳಿಯದು ಮಾಡಿಸಿಕೊಳ್ಳಬಹುದು. ಬೆರಳು ಮಡಿಸಲು ಅಡ್ಡಿಯಿಲ್ಲ, ಹಿಂದಕ್ಕೆ ಹೋಗಲು ಮಾತ್ರ ಬಿಡುವುದಿಲ್ಲ. ಕೂರುವ ಮಣೆಯನ್ನು ಎತ್ತರಿಸಿ ಸೊಂಟ ಮಂಡಿಗಿಂತ ಮೇಲಿರುವಂತೆ ನೋಡಿಕೊಳ್ಳಿ, ಬೆನ್ನಿಗೆ ಗೋಡೆ ಇರಲಿ, 20 ನಿಮಿಷಕ್ಕೊಮ್ಮೆ ಎದ್ದು ಅಡಿಕೆ ಆರಿಸುವುದೋ ಹಂಡೆಗೆ ಕಟ್ಟಿಗೆ ಒಟ್ಟುವುದೋ ಬೇರೆ ಕೆಲಸ ಮಾಡಿ. ಸುಲಿಯುವ ಯಂತ್ರ ಬಂದ ಮನೆಗಳಲ್ಲಿ ಸಡಿಲ ಕೈಯವರನ್ನು ಆರಿಸುವ ಕೆಲಸಕ್ಕೆ ಹಾಕುವುದು ಒಳ್ಳೆಯದು.

ಬಾವಿಯಿಂದ ನೀರು ಸೇದುವಾಗ ಹಗ್ಗವನ್ನು ತಲೆಗಿಂತ ಮೇಲೆ ಹಿಡಿಯದೆ ಎದೆಯ ಮಟ್ಟದಲ್ಲಿ, ಮೊಣಕೈ ಪಕ್ಕೆಗೆ ಅಂಟಿಸಿ ಎಳೆಯಬೇಕು. ತೂಗಿ ಎಳೆದರೆ ಭುಜ ಮುಂದಕ್ಕೆ ಜಾರುತ್ತದೆ. ರಾಟೆಗೆ ಎಣ್ಣೆ ಬಿಟ್ಟರೆ ಅರ್ಧ ಶ್ರಮ ಉಳಿಯುತ್ತದೆ. ಸೊಪ್ಪು, ಹುಲ್ಲಿನ ಹೊರೆ ತಲೆ ಮೇಲೆ ಬೇಡ. ಒಂದೇ ಭುಜಕ್ಕೆ ಚೀಲ ನೇತುಹಾಕುವುದೂ ಬೇಡ, ಎರಡು ಪಟ್ಟಿಯ ಬೆನ್ನುಚೀಲ ಬಳಸಿ.

ಮಳೆಗಾಲವೆಂದರೆ ನಮಗೆ ಎರಡು ತೊಂದರೆ ಒಟ್ಟಿಗೆ. ಒಂದು ಚಳಿ, ಸ್ನಾಯು ಸೆಟೆದು ನೋವು ಹೆಚ್ಚುತ್ತದೆ. ಇನ್ನೊಂದು ಜಾರು. ಅಂಗಳ, ಬಚ್ಚಲ ಮೆಟ್ಟಿಲಿಗೆ ಪಾಚಿ ಕಟ್ಟಿದರೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕುವುದು ವಾರದ ಕೆಲಸವಾಗಲಿ. ಓಡಾಡುವ ದಾರಿಗೆ ಸೋಗೆ ಹಾಸಿ. ಅಡಿಕೆ ದಬ್ಬೆ ಹಾಸುವುದಾದರೆ ಅದೂ ನೆನೆದು ಜಾರುತ್ತದೆ, ತೆಂಗಿನ ಹಗ್ಗ ಸುತ್ತಿ ಹಾಸಿದರೆ ಹಿಡಿತ ಬರುತ್ತದೆ. ಹವಾಯಿ ಚಪ್ಪಲಿ ನಮ್ಮ ಪಾದಕ್ಕೆ ಶತ್ರು. ಅದನ್ನು ಹಿಡಿದುಕೊಳ್ಳಲು ಬೆರಳು ಮುದುಡಬೇಕಾಗುತ್ತದೆ, ಹಿಮ್ಮಡಿಗೆ ಆಸರೆಯೇ ಇಲ್ಲ. ಹಿಂಬದಿ ಗಟ್ಟಿಯಿರುವ, ಅಡಿಯಲ್ಲಿ ಗೀರು ಆಳವಿರುವ ಮಳೆಗಾಲದ ಬೂಟು ಆಗಬೇಕು. ಚಪ್ಪಟೆ ಪಾದವಿದ್ದರೆ ಒಳಗೆ ಕಮಾನಿನ ಆಸರೆ ಇಡಿ. ಕಾಲುಸಂಕ ದಾಟುವಾಗ ಅಡ್ಡಲಾಗಿ, ಮಂಡಿ ಮೆದುವಾಗಿಟ್ಟು, ಪಾದ ಪೂರ್ತಿ ಊರಿದ ಮೇಲೆಯೇ ಮುಂದಿನದನ್ನು ಎತ್ತಿ. ಕೋಲು ಹಿಡಿಯುವುದಕ್ಕೆ ವಯಸ್ಸಾಗಬೇಕಿಲ್ಲ.

ಕೀಲಿನಾಚೆ ಈ ಸಡಿಲತೆ ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದು ಹಲವರಿಗೆ ಗೊತ್ತಾಗುವುದೇ ಇಲ್ಲ, ವೈದ್ಯರ ಬಳಿ ಅವುಗಳನ್ನು ಬೇರೆ ಬೇರೆ ಕಾಯಿಲೆಯೆಂದು ಹೇಳಿಕೊಳ್ಳುತ್ತಾರೆ. ಎದ್ದು ನಿಂತರೆ ಕಣ್ಣು ಕತ್ತಲೆ, ಎದೆ ಡವಗುಟ್ಟುವುದು, ಮದುವೆಮನೆಯಲ್ಲಿ ಬಡಿಸಲು ನಿಂತರೆ ಬೆವರಿ ಕುಸಿಯುವುದು ಪಾಟ್ಸ್ (ಎದ್ದು ನಿಂತರೆ ನಾಡಿ ವಿಪರೀತ ಏರುವುದು) ಎಂಬ ತೊಂದರೆಯಿರಬಹುದು. ಮನೆಯಲ್ಲೇ ಒಂದು ಅಂದಾಜು ಸಿಗುತ್ತದೆ. 10 ನಿಮಿಷ ಅಂಗಾತ ಮಲಗಿ ನಾಡಿ ಎಣಿಸಿ, ಎದ್ದು ಒರಗದೆ ನಿಂತು 1, 3, 5 ಮತ್ತು 10ನೇ ನಿಮಿಷಕ್ಕೆ ಎಣಿಸಿ, ಜೊತೆಗೆ ಬಿಪಿ ಬರೆದುಕೊಳ್ಳಿ. ಬೀಳುವ ಭಯವಿದ್ದರೆ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಬಿಪಿ ಅಷ್ಟಾಗಿ ಇಳಿಯದೆ ನಾಡಿ 10 ನಿಮಿಷದೊಳಗೆ 30 ಏರಿದರೆ, 12ರಿಂದ 19 ವಯಸ್ಸಿನವರಲ್ಲಿ 40 ಏರಿದರೆ, ಮತ್ತು ತೊಂದರೆ ಮೂರು ತಿಂಗಳಿಂದ ಇದ್ದರೆ ಆ ಚೀಟಿಯನ್ನು ವೈದ್ಯರಿಗೆ ತೋರಿಸಿ. ರಕ್ತಹೀನತೆ, ಥೈರಾಯ್ಡ್ ಇಲ್ಲವೆಂದು ಅವರು ಖಚಿತ ಮಾಡಿಕೊಳ್ಳುತ್ತಾರೆ.

ಪಾಟ್ಸ್‌ಗೆ ಮೊದಲ ಮದ್ದು ನೀರು ಮತ್ತು ಉಪ್ಪು. ದಿನಕ್ಕೆ 2ರಿಂದ 3 ಲೀಟರ್ ದ್ರವ, ಹಾಸಿಗೆಯಿಂದ ಏಳುವ ಮೊದಲೇ ಎರಡು ಲೋಟ. ಸಾಮಾನ್ಯರಿಗೆ 5 ಗ್ರಾಂ ಒಳಗಿರಬೇಕಾದ ಉಪ್ಪನ್ನು ಇಂಥವರಿಗೆ ವೈದ್ಯರು 10 ಗ್ರಾಂ ತನಕ ಏರಿಸುವುದುಂಟು. ಬಿಪಿ ಹೆಚ್ಚಿರುವವರು, ಮೂತ್ರಪಿಂಡದ ತೊಂದರೆಯವರು ಇದನ್ನು ಮುಟ್ಟಲೇಬಾರದು. ನಮ್ಮ ಅಡುಗೆಯಲ್ಲಿ ಇದಕ್ಕೆ ದಾರಿ ಹುಡುಕುವ ಕಷ್ಟವಿಲ್ಲ: ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ, ಅಪ್ಪೆಮಿಡಿ ಉಪ್ಪಿನಕಾಯಿ, ನೀರು ಮಜ್ಜಿಗೆ, ತಂಬುಳಿ, ಅಪ್ಪೆಹುಳಿ. ಹೊಟ್ಟೆ ಬಿರಿಯೆ ಒಂದೇ ಸಲ ಉಂಡರೆ ರಕ್ತವೆಲ್ಲ ಹೊಟ್ಟೆಗಿಳಿದು ತಲೆ ಸುತ್ತುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪ ಐದು ಸಲ. ಹಂಡೆಯ ಬಿಸಿನೀರು ಸ್ನಾಯುಗಳಿಗೆ ಒಳ್ಳೆಯದು, ಆದರೆ ರಕ್ತನಾಳ ಹಿಗ್ಗಿಸಿ ಕೆಡವುತ್ತದೆ. ಸ್ಟೂಲಿನ ಮೇಲೆ ಕೂತು ಮೀಯಿರಿ, ಬಚ್ಚಲ ಚಿಲಕ ಹಾಕಬೇಡಿ, ಕೊನೆಯ ಎರಡು ತಂಬಿಗೆ ಉಗುರುಬೆಚ್ಚಗಿರಲಿ. ಸರದಿಯಲ್ಲಿ ನಿಲ್ಲಲೇಬೇಕಾದಾಗ ಕಾಲು ಕತ್ತರಿ ಹಾಕಿ ತೊಡೆ, ಪೃಷ್ಠ ಬಿಗಿಹಿಡಿದರೆ ರಕ್ತ ಮೇಲೇರುತ್ತದೆ. ಒತ್ತಡದ ಸ್ಟಾಕಿಂಗ್ ಕೊಳ್ಳುವುದಾದರೆ ಸೊಂಟದ ತನಕ ಬರುವುದನ್ನೇ ಕೊಳ್ಳಿ, ಮೊಣಕಾಲ ಕೆಳಗಿನದರಿಂದ ಉಪಯೋಗ ಕಡಿಮೆ.

ಹೊಟ್ಟೆಯುಬ್ಬರ, ಮಲಬದ್ಧತೆ, ಹುಳಿತೇಗು ಕೂಡ ನಮ್ಮಲ್ಲಿ ಹೆಚ್ಚು. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಉಬ್ಬರವೇ ಹೆಚ್ಚುತ್ತದೆ, ನೀರಿನ ಜೊತೆ ನಿಧಾನಕ್ಕೆ ಏರಿಸಿ. ತಿಣುಕಬಾರದು, ಶ್ರೋಣಿಯ (ಕಿಬ್ಬೊಟ್ಟೆಯ ತಳದ) ಸ್ನಾಯುಗಳೂ ಸಡಿಲವಿರುವುದರಿಂದ ಒಳಗಿನ ಅಂಗಗಳು ಕೆಳಕ್ಕೆ ಜಾರುವ ಭಯವಿದೆ.

ಮನಸ್ಸಿನ ಮಾತು. ಸಡಿಲ ಕೀಲಿನವರಲ್ಲಿ ಆತಂಕ ಮತ್ತು ಪ್ಯಾನಿಕ್ ಹೆಚ್ಚು ಎಂದು ಸ್ಪೇನಿನ ಸಂಶೋಧಕರು 1980ರ ದಶಕದ ಕೊನೆಯಿಂದಲೇ ತೋರಿಸುತ್ತ ಬಂದಿದ್ದಾರೆ. ನಾಡಿ ತಾನಾಗಿಯೇ ಏರುವ ಮೈ, ಯಾವಾಗ ಎಲ್ಲಿ ಜಾರುತ್ತದೋ ಎಂಬ ಎಚ್ಚರ, ಅರೆನಿದ್ದೆ ಇವುಗಳ ನಡುವೆ ಆತಂಕ ಹುಟ್ಟುವುದು ಸಹಜ. ‘ನಿನಗೆ ಟೆನ್ಶನ್ ಜಾಸ್ತಿ, ಅದಕ್ಕೇ ನೋವು’ ಎಂಬ ಮಾತಿನಲ್ಲಿ ಕಾರಣವೂ ಪರಿಣಾಮವೂ ತಿರುವುಮುರುವಾಗಿವೆ. ಆದರೂ ಆತಂಕಕ್ಕೆ ಚಿಕಿತ್ಸೆ ಪಡೆಯುವುದರಿಂದ ನೋವೂ ಇಳಿಯುತ್ತದೆ, ಅದನ್ನು ನಿರಾಕರಿಸಬಾರದು. ಟೆಲಿ ಮಾನಸ್ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಇನ್ನು ಮೈ ಹಗುರವಿದ್ದ ದಿನ ಉಳಿದ ಕೆಲಸವನ್ನೆಲ್ಲ ಮುಗಿಸಹೊರಡುವುದು ಸುಸ್ತಿನ ಮೂಲ. ಒಳ್ಳೆಯ ದಿನಕ್ಕೂ ಒಂದು ಮಿತಿ ಹಾಕಿ, ಕೆಟ್ಟ ದಿನವೂ ಸ್ವಲ್ಪ ನಡೆಯಿರಿ. ಮಲಗುವಾಗ ಮಂಡಿಗಳ ನಡುವೆ ಒಂದು ದಿಂಬು, ಎದೆಗೊತ್ತಿ ಹಿಡಿಯಲು ಇನ್ನೊಂದು ಇದ್ದರೆ ಭುಜ, ಸೊಂಟ ರಾತ್ರಿಯಿಡೀ ಜೋತುಬೀಳುವುದಿಲ್ಲ.

ಹೆಣ್ಣುಮಕ್ಕಳಲ್ಲಿ ಮುಟ್ಟಿನ ಹಿಂದಿನ ವಾರ ಹಾರ್ಮೋನಿನಿಂದ ಕೀಲು ಇನ್ನಷ್ಟು ಸಡಿಲವಾಗಬಹುದು. ಆ ವಾರ ವ್ಯಾಯಾಮದ ಭಾರ ಇಳಿಸಿ. ಬಸಿರಿನಲ್ಲಿ ಸೊಂಟದ ಮುಂಗೀಲು ನೋಯುವುದು ಸಾಮಾನ್ಯ, ಕಾಲು ಜೋಡಿಸಿಕೊಂಡು ಹಾಸಿಗೆಯಲ್ಲಿ ಹೊರಳಿದರೆ ಕಡಿಮೆಯಾಗುತ್ತದೆ. ಹೆರಿಗೆ ವೈದ್ಯರಿಗೆ ಸಡಿಲತೆಯ ವಿಷಯ ಮೊದಲೇ ತಿಳಿಸಬೇಕು. ಕಾಲನ್ನು ಅತಿಯಾಗಿ ಅಗಲಿಸಿ ಹಿಡಿಯದಂತೆ ಹೇಳಬೇಕು. ಬಾಣಂತನದ ಎಣ್ಣೆ ತಿಕ್ಕು ಆಗಲಿ, ಆದರೆ ಕೈಕಾಲು ಎಳೆದು ಕೀಲು ಬಿಡಿಸುವುದು ಬೇಡವೆಂದು ಅಜ್ಜಿಯರಿಗೆ ಕೈಮುಗಿದು ಹೇಳಿ. ಎಳೆಗೂಸಿಗೆ ಎಣ್ಣೆನೀರು ಹಾಕುವಾಗ ಕೈಕಾಲನ್ನು ಎದುರುಬದುರು ಎಳೆಯುವುದನ್ನೂ ಇಂಥ ಮನೆತನಗಳಲ್ಲಿ ಬಿಟ್ಟುಬಿಡಬೇಕು. ಈ ಸಡಿಲತೆ ವಂಶದಲ್ಲೇ ಹರಿದುಬರುತ್ತದೆ.

ಕೀಲು ಜಾರಿದಾಗ ಯಾರೂ ಎಳೆಯದಂತೆ ನೋಡಿಕೊಳ್ಳುವುದೇ ಮೊದಲ ಕೆಲಸ. ಕೂತು, ಕೈಯನ್ನು ಟವೆಲಿನ ಜೋಲಿಯಲ್ಲಿಟ್ಟು, ನಿಧಾನ ಉಸಿರಾಡಿದರೆ ಸ್ನಾಯು ಸಡಿಲಿ ಅರೆ ಜಾರಿದ ಕೀಲು ತಾನೇ ಕೂರುವುದುಂಟು. ಕೂರದಿದ್ದರೆ, ಬೆರಳು ಜೋಮುಹಿಡಿದರೆ, ಬಣ್ಣ ಬದಲಾದರೆ ಆಸ್ಪತ್ರೆಗೆ ಹೋಗಿ. ಉಳುಕಿದ ಕಾಲಿಗೆ ಸೊಪ್ಪಿನ ಕಟ್ಟು ಹಾಕಿ ವಾರಗಟ್ಟಲೆ ಅಲುಗಿಸದೆ ಇಡುವುದು ನಮಗೆ ಹೊಂದದು. ಸ್ನಾಯು ಸೊರಗಿ, ಬಿಚ್ಚಿದ ದಿನವೇ ಮತ್ತೆ ಉಳುಕುತ್ತದೆ. ಎರಡು ಮೂರು ದಿನದ ಆಸರೆಯ ಬಳಿಕ ಮೆಲ್ಲನೆ ಅಲುಗಿಸಲು ಶುರುಮಾಡಬೇಕು.

ಔಷಧದ ಚೀಟಿಯ ಮೇಲೂ ಕಣ್ಣಿರಲಿ. ಪ್ಯಾರಾಸಿಟಮಾಲ್, ಮೇಲೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಕೆಲವು ದಿನಕ್ಕೆ ಸರಿ. ನುಂಗುವ ನೋವುಗುಳಿಗೆಯನ್ನು ತಿಂಗಳುಗಟ್ಟಲೆ ತಿಂದರೆ ಹೊಟ್ಟೆ, ಮೂತ್ರಪಿಂಡ ಕೆಡುತ್ತವೆ. ಒಂದೇ ಕೀಲಿಗೆ ಮತ್ತೆ ಮತ್ತೆ ಸ್ಟೀರಾಯ್ಡ್ ಚುಚ್ಚಿದರೆ ಅಲ್ಲಿನ ನಾರುಗಳು ಇನ್ನೂ ದುರ್ಬಲವಾಗುತ್ತವೆ. ಸಿಪ್ರೊಫ್ಲಾಕ್ಸಸಿನ್, ಲೆವೊಫ್ಲಾಕ್ಸಸಿನ್ ಗುಂಪಿನ ಆಂಟಿಬಯಾಟಿಕ್‌ಗಳು ಸ್ನಾಯುರಜ್ಜು ಹರಿಯುವ ಅಪಾಯ ತರುತ್ತವೆ. ಏಲರ್ಸ್-ಡಾನ್ಲೋಸ್ ಮತ್ತು ಮಾರ್ಫಾನ್ ಇರುವವರಲ್ಲಿ ಹೃದಯದಿಂದ ಹೊರಡುವ ಮಹಾಪಧಮನಿಗೂ ಅಪಾಯವಿದೆ ಎಂದು ಅಮೆರಿಕದ ಎಫ್‌ಡಿಎ 2018ರಲ್ಲಿ ಎಚ್ಚರಿಸಿತು. ಬೇರೆ ಔಷಧ ಸಾಧ್ಯವೇ ಎಂದು ವೈದ್ಯರನ್ನು ಕೇಳುವ ಹಕ್ಕು ನಮಗಿದೆ. ಹಲ್ಲು ಕೀಳಿಸುವಾಗ ಮರಗಟ್ಟಿಸುವ ಚುಚ್ಚುಮದ್ದು ಕೆಲವರಲ್ಲಿ ಸರಿಯಾಗಿ ಹಿಡಿಯುವುದಿಲ್ಲ ಅಥವಾ ಬೇಗ ಇಳಿಯುತ್ತದೆ. ದಂತವೈದ್ಯರಿಗೆ ಕೂರುವ ಮೊದಲೇ ಹೇಳಿ, ದವಡೆಗೆ ನಡುನಡುವೆ ಬಿಡುವು ಕೊಡುವಂತೆಯೂ ಕೇಳಿ.

ಶಾಲೆಗೆ ಹೋಗುವ ಮಗುವಿದ್ದರೆ ಕ್ಲಾಸ್ ಟೀಚರಿಗೆ ಫಿಸಿಯೋ ಕೈಯಿಂದ ಒಂದು ಪತ್ರ ಬರೆಸಿಕೊಡಿ: ದಪ್ಪ ಹಿಡಿಕೆಯ ಪೆನ್ಸಿಲು, ಹತ್ತು ನಿಮಿಷ ಬರೆದ ಮೇಲೆ ಒಂದು ನಿಮಿಷ ಬಿಡುವು, ನೆಲದ ಬದಲು ಪಾದ ಊರುವಷ್ಟು ಎತ್ತರದ ಬೆಂಚು, ಪ್ರಾರ್ಥನೆಯಲ್ಲಿ ತಲೆ ಸುತ್ತಿದರೆ ಕೂರಲು ಅನುಮತಿ, ಆಟಕ್ಕೆ ಅಡ್ಡಿಯಿಲ್ಲ ಎಂಬ ಸ್ಪಷ್ಟ ಸಾಲು. ಆ ಕೊನೆಯ ಸಾಲು ಮರೆತರೆ ಮಗುವನ್ನು ಪಿ.ಟಿ. ಪೀರಿಯಡ್ಡಿನಲ್ಲಿ ಬದಿಗೆ ಕೂರಿಸಿಬಿಡುತ್ತಾರೆ.